ಅಪ್ಪನ ಕಾರಿಗೆ ಟರ್ಬೊ ಬೇಕೆ?



ನಿಮ್ಮಲ್ಲಿ ಅನೇಕರ ಮನೆಯಲ್ಲಿ ಒಂದು ಸೆಡಾನ್ ಕಾರಿದೆ. ಅಪ್ಪ ಕಂತು ಕಟ್ಟಿ ಕೊಂಡದ್ದು. ವಾರವಿಡೀ ಕಚೇರಿಗೆ ಓಡುತ್ತದೆ, ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ. ಲೈಸೆನ್ಸು ಕೈಗೆ ಬಂದೊಡನೆ ನಿಮ್ಮ ಕಣ್ಣು ಅದರ ಮೇಲೆ ಬೀಳುವುದು ಸಹಜ. ಅದು ಸಿ.ವಿ.ಟಿ. ಗೇರಿನ ಕಾರಾದರೆ ನಿಮ್ಮ ದೂರೂ ಗೊತ್ತು: ಕಾಲೊತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಮಾತ್ರ ತನ್ನ ಪಾಡಿಗೆ ಏಳುತ್ತದೆ. ಆಗ ಗ್ಯಾರೇಜಿನವನೊಬ್ಬ ಮರಾಠಿಯಲ್ಲೋ ತಮಿಳಿನಲ್ಲೋ "ಟರ್ಬೊ ಕೂರಿಸೋಣ" ಎನ್ನುತ್ತಾನೆ. ಅವನಿಗೆ ತಲೆಯಾಡಿಸುವ ಮೊದಲು ಬಾನೆಟ್ಟಿನ ಕೆಳಗೆ ಏನು ನಡೆಯುತ್ತದೆಂದು ಕನ್ನಡದಲ್ಲೇ ನೋಡೋಣ.

ಟರ್ಬೊದ ಯೋಚನೆ ಹಳೆಯದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಸೈಲೆನ್ಸರಿನ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಕ್ಷದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಬಲವೂ ಹೆಚ್ಚುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಒತ್ತಡ ಮುಂಬಯಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಸಾದಾ ಎಂಜಿನ್ ಅಷ್ಟನ್ನು ಕಳೆದುಕೊಳ್ಳುತ್ತದೆ. ಟರ್ಬೊ ಎಂಜಿನ್ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಆಸೆಪಡಲು ಕಾರಣವಿಲ್ಲದಿಲ್ಲ.

ಆದರೆ ಒತ್ತಿದ ಗಾಳಿ ಕಾಯುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಕಾದ ಗಾಳಿಯಲ್ಲಿ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ಪಿಸ್ಟನ್ನೇ ಒಡೆಯಬಹುದು. ಗಾಳಿ ತಣಿಸುವ ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್, ಕಂಪ್ಯೂಟರಿಗೆ ಹೊಸ ಲೆಕ್ಕ, ಇವೆಲ್ಲ ಬೇಕು. ಹಣ, ತಾಳ್ಮೆ ಎರಡೂ ಇದ್ದರೆ ಎಂಜಿನ್ ಹೇಗೋ ಒಗ್ಗಿಕೊಂಡೀತು. ನಿಜವಾದ ತೊಡಕು ಅದರ ಪಕ್ಕದ ಪೆಟ್ಟಿಗೆಯಲ್ಲಿದೆ.

ಸಿ.ವಿ.ಟಿ.ಯಲ್ಲಿ ಒಂದು, ಎರಡು, ಮೂರು ಎಂಬ ಗೇರುಗಳಿಲ್ಲ. ಎರಡು ರಾಟೆಗಳು, ನಡುವೆ ಒಂದು ಪಟ್ಟಿ. ರಾಟೆಯ ಇಳಿಜಾರು ಕೆನ್ನೆಗಳು ಹತ್ತಿರ ಬಂದರೆ ಪಟ್ಟಿ ಮೇಲೇರುತ್ತದೆ, ದೂರ ಸರಿದರೆ ಕೆಳಗಿಳಿಯುತ್ತದೆ. ಹಾಗೆಯೇ ಅನುಪಾತ ಬದಲಾಗುತ್ತದೆ. ನೀವು ಓಡಿಸುವ ಆಕ್ಟಿವಾದಲ್ಲಿರುವುದೂ ಇದೇ ತತ್ವ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿ ರಬ್ಬರ್ ಪಟ್ಟಿಯಿಂದ ಇದನ್ನು ಕಾರಿಗೆ ತಂದಿತು. ಈಗಿನ ಕಾರುಗಳಲ್ಲಿರುವುದು ಉಕ್ಕಿನ ತುಣುಕುಗಳ ಪಟ್ಟಿ ಅಥವಾ ಉಕ್ಕಿನ ಸರಪಳಿ. ಎಂಜಿನ್ ಕೂಗುವುದೂ ದೋಷವಲ್ಲ: ಹೆಚ್ಚು ಬಲ ಕೊಡುವ ವೇಗದಲ್ಲೇ ಅದನ್ನು ನಿಲ್ಲಿಸಿ, ರಾಟೆಗಳಿಂದ ಕಾರಿನ ವೇಗ ಏರಿಸುವ ಜಾಣತನ ಅದು.

ಇಲ್ಲಿ ಹಲ್ಲಿಗೆ ಹಲ್ಲು ಕೂಡುವುದಿಲ್ಲವೆಂಬುದನ್ನು ಗಮನಿಸಿ. ಎಲ್ಲವೂ ಹಿಡಿತದ ಮೇಲೆಯೇ ನಿಂತಿದೆ. ಎಣ್ಣೆಯ ಒತ್ತಡ ರಾಟೆಗಳನ್ನು ಪಟ್ಟಿಗೆ ಅದುಮಿ ಹಿಡಿಯುತ್ತದೆ. ಎಷ್ಟು ಅದುಮಬೇಕು? "ಈಗ ಇಷ್ಟು ಟಾರ್ಕ್ ಬರುತ್ತಿದೆ" ಎಂದು ಎಂಜಿನ್ನಿನ ಕಂಪ್ಯೂಟರ್ ತಿಳಿಸುತ್ತದೆ, ಅದಕ್ಕೆ ತಕ್ಕಷ್ಟು. 2014ರಲ್ಲಿ ಬಂದ ಹೋಂಡಾ ಸಿಟಿಯ ಪೆಟ್ರೋಲ್ ಎಂಜಿನ್ನಿನ ಟಾರ್ಕ್ 145 ನ್ಯೂಟನ್ ಮೀಟರ್. ವಾತಾವರಣದ ಅರ್ಧದಷ್ಟು ಹೆಚ್ಚುವರಿ ಒತ್ತಡ ಕೊಟ್ಟರೆ ಒರಟು ಲೆಕ್ಕದಲ್ಲಿ ಅದು 200ರ ಆಸುಪಾಸಿಗೆ ಏರುತ್ತದೆ. ಕಂಪ್ಯೂಟರಿಗೆ ಇದರ ಸುಳಿವಿರದಿದ್ದರೆ ಹಿಡಿತ ಹಳೆಯ ಲೆಕ್ಕದ್ದೇ, ಬಲ ಹೊಸದು. ಹಿಟ್ಟಿನ ಗಿರಣಿಯಲ್ಲಿ ಹೊರೆ ಹೆಚ್ಚಾದಾಗ ಪಟ್ಟಿ ಜಾರಿ ಕಿರುಗುಟ್ಟುವುದನ್ನು ಊರಿನಲ್ಲಿ ಕೇಳಿರಬಹುದು. ಇಲ್ಲಿ ಉಕ್ಕು ಉಕ್ಕಿನ ಮೇಲೆ ಜಾರುತ್ತದೆ. ರಾಟೆಯಲ್ಲಿ ಗೀರು ಬೀಳುತ್ತದೆ, ಲೋಹದ ಪುಡಿ ಎಣ್ಣೆಗೆ ಸೇರುತ್ತದೆ, ಎಣ್ಣೆ ಅದನ್ನು ಪಂಪಿಗೂ ವಾಲ್ವುಗಳಿಗೂ ಹೊತ್ತೊಯ್ಯುತ್ತದೆ. ಅಲ್ಲಿಂದ ಮುಂದೆ ಇಡೀ ಪೆಟ್ಟಿಗೆ ಬದಲಾಯಿಸುವ ಮಾತು. ಇದು ಮನೆಯ ಮುಂದಿನ ರಸ್ತೆಯಲ್ಲಿ ಆಗುವುದಕ್ಕಿಂತ, ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನು ಹೊತ್ತು ಖಂಬಾಟ್ಕಿ ಘಾಟ್ ಹತ್ತುವಾಗ ಆಗುವ ಸಂಭವವೇ ಹೆಚ್ಚು. ಹಿಂದಿನ ಸೀಟಿನಲ್ಲಿ ಅಜ್ಜಿ, ಹಿಂದಿನಿಂದ ಲಾರಿಗಳ ಸಾಲು.

ಕಂಪನಿಗಳೇ ಏನು ಮಾಡಿವೆ ನೋಡಿ. 2020ರಲ್ಲಿ ಬಂದ ನಿಸ್ಸಾನ್ ಮ್ಯಾಗ್ನೈಟ್‌ನ ಟರ್ಬೊ ಎಂಜಿನ್ ಕೈಗೇರಿನೊಂದಿಗೆ 160 ನ್ಯೂಟನ್ ಮೀಟರ್ ಕೊಡುತ್ತದೆ, ಸಿ.ವಿ.ಟಿ.ಯೊಂದಿಗೆ 152 ಮಾತ್ರ. 2023ರ ಹುಂಡೈ ವೆರ್ನಾದಲ್ಲಿ 144ರ ಸಾದಾ ಎಂಜಿನ್ನಿಗೆ ಸಿ.ವಿ.ಟಿ. ಬಗೆಯ ಗೇರು ಸಿಕ್ಕಿತು; 253ರ ಟರ್ಬೊಗೆ ಹಲ್ಲಿನ ಗೇರುಗಳಿರುವ, ಎರಡು ಕ್ಲಚ್ಚಿನ ಪೆಟ್ಟಿಗೆ. ಟರ್ಬೊಗೂ ಸಿ.ವಿ.ಟಿ.ಗೂ ಹುಟ್ಟು ವೈರವೇನಿಲ್ಲ. 2016ರ ಹೋಂಡಾ ಸಿವಿಕ್ ಅಮೆರಿಕದಲ್ಲಿ ಎರಡನ್ನೂ ಒಟ್ಟಿಗೇ ಹೊತ್ತು ಬಂತು. ಆದರೆ ಅಲ್ಲಿ ಎರಡನ್ನೂ ಒಂದಕ್ಕೊಂದು ಹೊಂದಿಸಿಯೇ ಕೂರಿಸಿದ್ದರು. ಗ್ಯಾರೇಜಿನವನು ಆ ಹೊಂದಾಣಿಕೆಯನ್ನು ಒಂದು ವಾರದಲ್ಲಿ ಮಾಡಿಕೊಡುತ್ತೇನೆ ಎಂದರೆ ನನಗಂತೂ ನಂಬಿಕೆಯಿಲ್ಲ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ನೋಂದಣಿಯ ವಿವರ ಬೇರೆಯಾಗುವಂತೆ ಮಾರ್ಪಡಿಸುವಂತಿಲ್ಲ; ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಆರು ತಿಂಗಳವರೆಗೆ ಸೆರೆ, ಇಲ್ಲವೇ ಮಾರ್ಪಾಟೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಿದೆ. ಶಿಕ್ಷೆ ವಾಹನದ ಮಾಲೀಕರಿಗೆ. ಆರ್.ಸಿ. ಪುಸ್ತಕದಲ್ಲಿ ಯಾರ ಹೆಸರಿದೆ?

ಟರ್ಬೊ ಬೇಕೇ ಬೇಕೆಂದರೆ ಮುಂದಿನ ಕಾರು ಕೊಳ್ಳುವಾಗ ಕಾರ್ಖಾನೆಯಲ್ಲೇ ಟರ್ಬೊ ಕೂರಿಸಿದ್ದನ್ನು ಟೆಸ್ಟ್ ಡ್ರೈವ್ ಮಾಡಿಸಿ, ಅಪ್ಪನನ್ನೂ ಓಡಿಸಲು ಕೂರಿಸಿ. ಈಗಿರುವ ಕಾರಿಗೇ ಏನಾದರೂ ಮಾಡಲು ಕೈ ತುರಿಸುತ್ತಿದ್ದರೆ, ಗೇರ್‌ಪೆಟ್ಟಿಗೆಯ ಎಣ್ಣೆ ಕೊನೆಯ ಸಲ ಯಾವಾಗ ಬದಲಾಯಿತೆಂದು ಮನೆಯಲ್ಲಿ ಕೇಳಿ. ಹಾಕಿಸುವಾಗ ಕೈಪಿಡಿಯಲ್ಲಿ ಹೇಳಿದ ಸಿ.ವಿ.ಟಿ. ಎಣ್ಣೆಯನ್ನೇ ಹಾಕಿಸಿ, ಬೇರೆ ಆಟೊಮ್ಯಾಟಿಕ್ ಗೇರಿನದಲ್ಲ. ಪಟ್ಟಿಯ ಹಿಡಿತ ಆ ಎಣ್ಣೆಯ ಗುಣವನ್ನೂ ನೆಚ್ಚಿಕೊಂಡಿದೆ.