ವ್ಯೋಮಯಾನ ತಂತ್ರಜ್ಞನ ವಿದ್ಯಾಭ್ಯಾಸ

ಉಡುಪಿಯ ಸಮೀಪದಲ್ಲಿರುವ ಅದಮಾರು ಒಂದು ಚಿಕ್ಕ ಗ್ರಾಮ. ಭಾರತದ ಪ್ರಥಮ ಕೃತಕ ಉಪಗ್ರಹದ ನಿರ್ಮಾಣಕ್ಕೆ ನೇತೃತ್ವ ವಹಿಸಿದ ಯು. ಆರ್. ರಾವ್ ಅವರು 1932ರಲ್ಲಿ ಜನಿಸಿದುದು ಅಲ್ಲಿಯೇ. ಅವರು ಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ಜಗತ್ತಿನ ಯಾವ ರಾಷ್ಟ್ರವೂ ಉಪಗ್ರಹವನ್ನು ಹಾರಿಸಿರಲಿಲ್ಲ. ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಆಗಸಕ್ಕೇರಿದುದು 1957ರಲ್ಲಿ. ಆಗ ರಾಯರಿಗೆ ಇಪ್ಪತ್ತೈದು ವರ್ಷ. ಹೀಗಿರುವಾಗ ಉಪಗ್ರಹ ನಿರ್ಮಾಣವನ್ನು ಕಲಿಸುವ ಶಾಲೆ ಅವರಿಗೆ ಎಲ್ಲಿ ದೊರೆಯಬೇಕು? ಅವರು ಆರಿಸಿಕೊಂಡುದು ಭೌತಶಾಸ್ತ್ರವನ್ನು. ಅನಂತಪುರದಲ್ಲಿ ಪದವಿ, ಕಾಶಿಯಲ್ಲಿ ಸ್ನಾತಕೋತ್ತರ ಪದವಿ, ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯ್ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಸಂಶೋಧನೆ - ಇದು ಅವರು ನಡೆದ ದಾರಿ. ಅನಂತರ ಅಮೆರಿಕಕ್ಕೆ ತೆರಳಿ, ವ್ಯೋಮನೌಕೆಗಳಲ್ಲಿರಿಸಿದ ಉಪಕರಣಗಳ ನೆರವಿನಿಂದ ಸಂಶೋಧನೆಯನ್ನು ಮುಂದುವರಿಸಿ, 1966ರಲ್ಲಿ ಸ್ವದೇಶಕ್ಕೆ ಮರಳಿದರು.

ವ್ಯೋಮಯಾನ ತಂತ್ರಜ್ಞಾನವೆಂಬುದು ಒಂದೇ ಶಾಸ್ತ್ರವಲ್ಲ. ನೆಲದ ಮೇಲಿನ ಯಂತ್ರ ಕೆಟ್ಟರೆ ಬಿಚ್ಚಿ ನೋಡಬಹುದು. ಆದರೆ ಹಬಲ್ ದೂರದರ್ಶಕವನ್ನು ಗಗನಯಾತ್ರಿಗಳು ದುರಸ್ತಿಮಾಡಿದಂತಹ ಅಪೂರ್ವ ಪ್ರಸಂಗಗಳನ್ನು ಬಿಟ್ಟರೆ, ಮೇಲಕ್ಕೇರಿದ ಉಪಗ್ರಹವು ಮತ್ತೆ ಮನುಷ್ಯನ ಕೈಗೆ ಸಿಗುವುದಿಲ್ಲ. ಭೂಮಿಗೆ ಸಮೀಪದ ಕಕ್ಷೆಯಲ್ಲಿ ಅದು ಸೆಕೆಂಡಿಗೆ ಏಳು ಕಿಲೋಮೀಟರುಗಳಿಗೂ ಮಿಗಿಲಾದ ವೇಗದಿಂದ ಚಲಿಸುತ್ತ, ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಒಂದೊಂದು ಸುತ್ತಿನಲ್ಲಿಯೂ ಸುಡುವ ಬಿಸಿಲು, ಕೊರೆಯುವ ನೆರಳು. ಅಲ್ಲಿ ಗಾಳಿಯಿಲ್ಲದ ಕಾರಣ ಯಂತ್ರದ ಕಾವು ವಿಕಿರಣದ ಮೂಲಕವೇ ಹೊರಹೋಗಬೇಕು. ಸಾಧಾರಣ ಕೀಲೆಣ್ಣೆ ನಿರ್ವಾತದಲ್ಲಿ ಆವಿಯಾಗಿಬಿಡುತ್ತದೆ. ಆದುದರಿಂದ ಉಪಗ್ರಹವನ್ನು ಮೊದಲು ಭೂಮಿಯಲ್ಲಿಯೇ ಕಂಪನಕ್ಕೆ ಒಡ್ಡಿ, ನಿರ್ವಾತಕೋಷ್ಠದಲ್ಲಿಟ್ಟು, ಕಾಯಿಸಿ, ತಣಿಸಿ ಪರೀಕ್ಷಿಸುತ್ತಾರೆ. ಈ ತಂತ್ರಜ್ಞರ ದುಡಿಮೆಯಲ್ಲಿ ಬಹುಪಾಲು ಇಂತಹ ಪರೀಕ್ಷೆಗಳೇ ಎನ್ನಬಹುದು.

ರಾಯರ ತಂಡ ಇದನ್ನೆಲ್ಲ ಕಲಿತುದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಷೆಡ್ಡುಗಳಲ್ಲಿ. ತಂಡದ ಹೆಚ್ಚಿನವರು ತರುಣರು. ಉಪಗ್ರಹವೊಂದನ್ನು ಕಟ್ಟಿದ ಅನುಭವ ಅವರಿಗಿರಲಿಲ್ಲ. ಅವರು ನಿರ್ಮಿಸಿದ 360 ಕಿಲೋಗ್ರಾಂ ತೂಕದ ‘ಆರ್ಯಭಟ’ವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಕಕ್ಷೆಗೆ ಕೊಂಡೊಯ್ದಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಸರಬರಾಜಿನ ದೋಷದಿಂದಾಗಿ ಅದರಲ್ಲಿದ್ದ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಆದರೂ ಉಪಗ್ರಹವನ್ನು ಕಟ್ಟುವ, ದೂರದಿಂದ ನಿಯಂತ್ರಿಸುವ ವಿದ್ಯೆ ಕೈವಶವಾಗಿತ್ತು. 1979ರ ಜೂನ್ ತಿಂಗಳಲ್ಲಿ ‘ಭಾಸ್ಕರ’ ಮೇಲೇರಿತು.

ಇಂದಿನ ವಿದ್ಯಾರ್ಥಿಗೆ ದಾರಿ ಇಷ್ಟು ಅಸ್ಪಷ್ಟವಾಗಿಲ್ಲ. ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತಗಳನ್ನು ಓದಿದವರು ಯಂತ್ರಶಾಸ್ತ್ರ, ಎಲೆಕ್ಟ್ರಾನಿಕ್ಸ್, ಗಣಕಶಾಸ್ತ್ರ ಅಥವಾ ವ್ಯೋಮಯಾನ ಶಾಸ್ತ್ರದಲ್ಲಿ ಎಂಜಿನಿಯರಿಂಗ್ ಪದವಿ ಪಡೆಯಬಹುದು. ಇದಕ್ಕಾಗಿಯೇ 2007ರಲ್ಲಿ ಸ್ಥಾಪಿತವಾದ ಒಂದು ಸಂಸ್ಥೆ ತಿರುವನಂತಪುರದ ಬಳಿಯ ವಲಿಯಮಲದಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು 1942ರಷ್ಟು ಹಿಂದೆಯೇ ಆರಂಭವಾಯಿತು. ಪ್ರವೇಶಪರೀಕ್ಷೆಗಳು ಕಠಿಣವಾದವು, ನಿಜ. ಆದರೆ ಒಂಬತ್ತನೆಯ ತರಗತಿಯಲ್ಲಿ ಅವುಗಳಿಗೆ ಹೆದರುವ ಅಗತ್ಯವಿಲ್ಲ. ಲೆಕ್ಕದ ಉತ್ತರ ಸರಿಬಂದ ಮೇಲೂ ಅದನ್ನು ಬೇರೊಂದು ವಿಧಾನದಿಂದ ತಾಳೆನೋಡುವ ಅಭ್ಯಾಸವನ್ನು ಈಗಲೇ ಬೆಳೆಸಿಕೊಳ್ಳಬಹುದು. ಗ್ರಹಗಳ ಬಣ್ಣದ ಚಿತ್ರಗಳನ್ನು ಸಂಗ್ರಹಿಸುವುದಕ್ಕಿಂತ, ಕೆಟ್ಟುಹೋದ ಹಳೆಯ ರೇಡಿಯೋ ಒಂದನ್ನು ಬಿಚ್ಚಿ ಜೋಡಿಸುವುದು ಉತ್ತಮ ಸಿದ್ಧತೆಯೆಂದು ನನಗೆ ತೋರುತ್ತದೆ.

ಪದವೀಧರರಿಗೆ ಮಾತ್ರವೇ ಇಲ್ಲಿ ಸ್ಥಾನವೆಂದು ತಿಳಿಯಬಾರದು. ಡಿಪ್ಲೊಮಾ ಪಡೆದವರನ್ನೂ ಕೈಗಾರಿಕಾ ತರಬೇತಿ ಕೇಂದ್ರಗಳಲ್ಲಿ ಕಲಿತ ಕುಶಲಕರ್ಮಿಗಳನ್ನೂ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ನೇಮಿಸಿಕೊಳ್ಳುತ್ತದೆ. ಲೋಹವನ್ನು ಬೆಸೆಯುವವರು, ತಂತಿಗಳನ್ನು ಜೋಡಿಸುವವರು, ಕವಾಟಗಳನ್ನು ಕೂಡಿಸುವವರು ಇಲ್ಲದೆ ಯಾವ ರಾಕೆಟ್ಟೂ ನೆಲ ಬಿಡಲಾರದು. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಿಂದ ಹೊರಟ ಎಸ್‌ಎಲ್‌ವಿ-3 ರಾಕೆಟ್ಟು, ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟದಲ್ಲಿ ತಲೆದೋರಿದ ದೋಷದಿಂದ ಸಮುದ್ರದ ಪಾಲಾಯಿತು. ದೋಷದ ಕಾರಣವನ್ನು ಕಂಡುಹಿಡಿದು, ತಿದ್ದಿ, ಮತ್ತೆ ಪರೀಕ್ಷಿಸಲು ಸುಮಾರು ಒಂದು ವರ್ಷ ಹಿಡಿಯಿತು. 1980ರ ಜುಲೈ 18ರಂದು ಅದೇ ಮಾದರಿಯ ಇನ್ನೊಂದು ರಾಕೆಟ್ಟು ‘ರೋಹಿಣಿ’ ಉಪಗ್ರಹವನ್ನು ಕಕ್ಷೆಯಲ್ಲಿರಿಸಿತು.