ಗುಳಿಗೆಯೂ ಯೋಗವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಪ್ರಾಯದ ಹುಡುಗನೊಬ್ಬ ಮಾತು ಬಿಟ್ಟು ಮೂಲೆ ಹಿಡಿದನೆಂದರೆ ಮನೆಯವರು ಮೊದಲು ನೆನೆಯುವುದು ಸಾಮಾನ್ಯವಾಗಿ ದೇವರನ್ನು. ಹುಡುಗಿಯ ತಲೆಯಲ್ಲಿ ಜಡೆಗಟ್ಟಿದರೆ ಅದು ಸವದತ್ತಿ ಎಲ್ಲಮ್ಮನ ಕರೆಯೆಂದು ಬಗೆದವರೂ ಉಂಟು. ಬಾಚಣಿಕೆ ಹಿಡಿಯಲೂ ಮನಸ್ಸಿಲ್ಲದಾದವಳ ಕೂದಲು ಗಂಟುಗಟ್ಟದೆ ಇನ್ನೇನಾದೀತು? ಹರಕೆ ಹೊರುವುದು ತಪ್ಪೆಂದು ನಾನು ಹೇಳಲಾರೆ. ಹೆತ್ತ ಕರುಳಿಗೆ ಅದೊಂದು ಆಸರೆ. ಆದರೆ ಕಿತ್ತೂರಿಗೆ ದೂರವಲ್ಲದ ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಮಾನಸಿಕ ರೋಗಿಗಳ ಆಸ್ಪತ್ರೆ ಆರಂಭವಾಯಿತೆಂಬುದನ್ನೂ ಮರೆಯಬಾರದು. ಇಂದು ಅದು ಡಿಮ್ಹಾನ್ಸ್.

ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆ ಹೆಚ್ಚಾಗಿ ಎರಗುವುದು ಯೌವನದಲ್ಲಿಯೇ. ಇಲ್ಲದ ದನಿಗಳು ಕೇಳಿಸುವುದನ್ನೂ ಸುಳ್ಳು ಸಂಶಯಗಳನ್ನೂ ಗುಳಿಗೆಗಳು ಬಹುಮಟ್ಟಿಗೆ ಶಮನಗೊಳಿಸುತ್ತವೆ. ಆದರೆ ಅವು ಅಷ್ಟಾಗಿ ಮುಟ್ಟದ ಭಾಗವೊಂದಿದೆ: ಬತ್ತಿದ ಆಸಕ್ತಿ, ಏಳಲೊಲ್ಲದ ಮೈ, ಜನರ ನಡುವೆಯೂ ಒಂಟಿತನ. ನೆರೆಯವರು ಇದನ್ನು ಸೋಮಾರಿತನವೆನ್ನುತ್ತಾರೆ. ಬೇನೆಗಿಂತಲೂ ಆ ಮಾತೇ ಹೆಚ್ಚು ಇರಿಯುತ್ತದೆ.

ಯೋಗ ನೆರವಾಗುವುದು ಇಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಬಿ. ಎನ್. ಗಂಗಾಧರ ಹಾಗೂ ಸಂಗಡಿಗರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 61 ರೋಗಿಗಳಿದ್ದರು. ನಾಲ್ಕು ತಿಂಗಳು ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ವ್ಯಾಯಾಮ. ಔಷಧ ಇಬ್ಬರಿಗೂ ಇತ್ತು. ಕೊನೆಯವರೆಗೆ ಉಳಿದವರು 41 ಜನ, ಸಣ್ಣ ಸಂಖ್ಯೆಯೇ ಸರಿ. ಆದರೂ ಯೋಗ ಮಾಡಿದವರಲ್ಲಿ ಜಡತೆ ಹೆಚ್ಚು ಕರಗಿತ್ತು, ದಿನದ ಬಾಳು ಹೆಚ್ಚು ಸುಧಾರಿಸಿತ್ತು. 2011ರಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನದ ಫಲ ನನಗೆ ಇನ್ನೂ ಹೃದ್ಯವೆನಿಸಿದೆ: ಯೋಗ ಕಲಿತವರು ಎದುರಿನವರ ಮುಖದಲ್ಲಿಯ ಭಾವವನ್ನು ಮೊದಲಿಗಿಂತ ಚೆನ್ನಾಗಿ ಗುರುತಿಸಿದರು. ತಾಯಿ ನಕ್ಕದ್ದು ಮಗನಿಗೆ ತಿಳಿಯುವುದೆಂದರೆ ಸಣ್ಣ ಮಾತೇ?

ಎಲ್ಲ ಯೋಗವೂ ಎಲ್ಲರಿಗೂ ಸಲ್ಲದು. ಈ ರೋಗಿಗಳಿಗೆ ಆಸನ, ಪ್ರಾಣಾಯಾಮಗಳನ್ನು ಕಲಿಸುತ್ತಾರೆ; ಕಣ್ಣುಮುಚ್ಚಿ ದೀರ್ಘಕಾಲ ಧ್ಯಾನಕ್ಕೆ ಕೂಡಿಸಿದರೆ ಭ್ರಮೆ ಕೆರಳುವ ಭಯವಿದೆ. ಅದಕ್ಕಿಂತ ದೊಡ್ಡ ಅಪಾಯ ಗುಣ ಕಂಡ ಮೇಲಿನದು. ಹುಡುಗ ಮತ್ತೆ ಹೊಲಕ್ಕೆ ಹೊರಟ, ನಾಲ್ಕು ಮಂದಿಯೊಡನೆ ನಕ್ಕ. ಇನ್ನೇಕೆ ಗುಳಿಗೆಯೆಂದು ಮನೆಯವರೇ ನಿಲ್ಲಿಸಿಬಿಡುತ್ತಾರೆ. ಬೇನೆ ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಮರಳಿ ಬರಬಹುದು. ಪ್ರಮಾಣ ತಗ್ಗಿಸಬೇಕೆ, ನಿಲ್ಲಿಸಬೇಕೆ ಎಂಬುದು ವೈದ್ಯರ ನಿರ್ಣಯ.

ಮನೆಯವರಿಗೆ ಬೇರೆ ಕೆಲಸವಿದೆ. ಬೆಳಗಿನಲ್ಲಿ ಅಣ್ಣನೋ ಅಕ್ಕನೋ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿದರೆ ಹುಡುಗ ಏಳುವುದು ಸುಲಭ. ಎಲ್ಲಿಗೆ ಹೋಗಬೇಕೆಂದು ತೋಚದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಪುಕ್ಕಟೆಯಾಗಿ ಫೋನು ಮಾಡಿ ಕನ್ನಡದಲ್ಲಿಯೇ ಕೇಳಬಹುದು.