ಟ್ರ್ಯಾಕ್ಟರಿಗೆ ಹೆಚ್ಚು ಡೀಸೆಲ್ ಕೊಟ್ಟರೆ ಹೆಚ್ಚು ಶಕ್ತಿ ಬರುವುದೇ?

ಕಡಿದ ಕಬ್ಬನ್ನು 24 ಗಂಟೆಗಳೊಳಗಾಗಿ ನುರಿಸುವುದು ಉತ್ತಮ. ತಡವಾದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕುಂದುತ್ತದೆ. ತುಂಗಭದ್ರೆಯ ದಂಡೆಯ ರಾಜೋಳಿಯಂತಹ ದೂರದ ಊರುಗಳಿಂದ ಎರಡು ಟ್ರೇಲರ್ ಕಬ್ಬು ಎಳೆದು ತರುವ ಟ್ರ್ಯಾಕ್ಟರ್ ದಾರಿಯಲ್ಲಿ ನಿಂತರೆ ನಷ್ಟ ಬೆಳೆಗಾರನಿಗೇ. ಆದ್ದರಿಂದ ಕೆಲವರು ಹಂಗಾಮಿಗೆ ಮೊದಲು ಪಂಪಿನ ಸೀಲು ಒಡೆದು ಡೀಸೆಲ್ ಏರಿಸುತ್ತಾರೆ. ದೊಡ್ಡ ನಾಜಲ್ ಹಾಕಿಸುತ್ತಾರೆ. ಇದರ ಸಾಧಕ-ಬಾಧಕಗಳನ್ನು ರೈತ ಬಾಂಧವರು ತಿಳಿಯುವುದು ಅವಶ್ಯ.

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕಿಲೋ, ಎಂದರೆ ಸುಮಾರು 10,000 ಲೀಟರ್ ಗಾಳಿ ಬೇಕು. ಪಂಪು ತಿರುಗಿಸಿದರೆ ಡೀಸೆಲ್ ಹೆಚ್ಚುತ್ತದೆ, ಗಾಳಿ ಹೆಚ್ಚುವುದಿಲ್ಲ. ಗಾಳಿ ಸಾಲದ ಡೀಸೆಲ್ ಕಪ್ಪು ಹೊಗೆಯಾಗಿ ಹೋಗುತ್ತದೆ. ಆ ಹೊಗೆ ಶಕ್ತಿಯ ಗುರುತಲ್ಲ, ನಿಮ್ಮ ಹಣ ಉರಿಯದೆ ಹೋಗುತ್ತಿರುವ ಗುರುತು. ಇಂಜಿನ್ ಮಿತಿಮೀರಿ ಕಾಯುತ್ತದೆ. ಪಿಸ್ಟನ್, ವಾಲ್ವು, ಹೆಡ್ ಗ್ಯಾಸ್ಕೆಟ್‌ಗಳು ಬೇಗ ಕೆಡುತ್ತವೆ. ಉರಿಯದ ಡೀಸೆಲ್ ಕೆಳಗಿಳಿದು ಇಂಜಿನ್ ಆಯಿಲನ್ನು ತೆಳುವಾಗಿಸುತ್ತದೆ.

ಒಂದೇ ಇಂಜಿನನ್ನು ಟರ್ಬೊ ಜೋಡಿಸಿ ಹೆಚ್ಚು ಅಶ್ವಶಕ್ತಿಗೆ ತಯಾರಿಸುವಾಗ ಕಂಪನಿಯವರು ಪಂಪು, ನಾಜಲ್, ತಂಪಿನ ವ್ಯವಸ್ಥೆಗಳನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಇವುಗಳಲ್ಲಿ ಒಂದನ್ನೇ ಬದಲಿಸುವುದು ದುರ್ಬಲ ಎತ್ತಿಗೆ ಚಾವಟಿ ಬೀಸಿದಂತೆ. ಶಕ್ತಿ ಹೆಚ್ಚಿದರೂ ಬ್ರೇಕು, ಕ್ಲಚ್ಚುಗಳು ಹಳೆಯವೇ ಎಂಬುದನ್ನೂ ಮರೆಯಬಾರದು.

ಶಕ್ತಿ ಕಡಿಮೆಯೆನಿಸಿದಾಗ ಮೊದಲು ಕೆಳಗಿನವನ್ನು ಕ್ರಮವಾಗಿ ಪರೀಕ್ಷಿಸಿರಿ:

1. ಏರ್ ಕ್ಲೀನರ್: ಕಬ್ಬಿನ ಹೊಲದ ಧೂಳು, ರವದಿಗಳಿಂದ ಇದು ಬೇಗ ಕಟ್ಟಿಕೊಳ್ಳುತ್ತದೆ.

2. ಟ್ಯಾಂಕು: ಸಂಜೆ ಕೆಲಸ ಮುಗಿದ ಮೇಲೆ ತುಂಬಿಸಿಡಿ. ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತೇವ ನೀರಾಗಿ ಇಳಿಯುತ್ತದೆ. ಫಿಲ್ಟರಿನ ತಳದ ನೀರನ್ನು ಆಗಾಗ ಬಿಡಿರಿ.

3. ಫಿಲ್ಟರ್: ಕೈಪಿಡಿಯಲ್ಲಿ ಹೇಳಿದ ಗಂಟೆಗಳಿಗೆ ತಪ್ಪದೆ ಬದಲಿಸಿ. ಬಳಿಕ ಪೈಪಿನಲ್ಲಿ ಸಿಕ್ಕ ಗಾಳಿಯನ್ನು ತೆಗೆಯಿರಿ.

4. ನಾಜಲ್: ಡೀಸೆಲ್ ಮಂಜಿನಂತೆ ಸಿಂಪಡಿಸಬೇಕು, ಹನಿ ತೊಟ್ಟಿಕ್ಕಬಾರದು. ಪರೀಕ್ಷಾ ಯಂತ್ರದಲ್ಲಿ ಎಲ್ಲ ನಾಜಲ್‌ಗಳನ್ನೂ ಒಟ್ಟಿಗೇ ನೋಡಿಸಿ. ಸಿಂಪಡಣೆಗೆ ಕೈ ಅಡ್ಡ ಹಿಡಿಯಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಹೊಕ್ಕು ಪ್ರಾಣಾಪಾಯವಾಗಬಹುದು.

5. ಪಂಪು: ಪ್ರತಿ ಸಿಲಿಂಡರಿಗೂ ಸಮನಾಗಿ ಡೀಸೆಲ್ ಹೋಗುವಂತೆ ಅಧಿಕೃತ ಸರ್ವಿಸ್‌ನಲ್ಲಿ ಅಳತೆ ಹಾಕಿಸಿ, ಸೀಲು ಮಾಡಿಸಿ ತನ್ನಿರಿ.

ಹಳ್ಳಿಗಳಲ್ಲಿ 'ಮೈಕೋ ಪಂಪು' ಎಂದೇ ಹೆಸರಾದ ಬಿಡಿಭಾಗಗಳ ಸಂಸ್ಥೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿದೆ. ಹಳೆಯ ಹೆಸರು ಹೇಳಿ ನಕಲಿ ಮಾಲು ಕೊಟ್ಟಾರು. ಇಂಜಿನ್ನಿನ ಮಾದರಿಗೆ ಹೊಂದುವ ಭಾಗದ ಸಂಖ್ಯೆ ನೋಡಿ, ರಸೀದಿ ಪಡೆದು ಕೊಳ್ಳಿರಿ.

50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ಹೊಗೆ ನಿಯಮ ಅನ್ವಯವಾಗಿದೆ. ಇಂಥವುಗಳಲ್ಲಿ ಬಳಕೆಗೆ ಬಂದಿರುವ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಡೀಸೆಲ್ ಅಳತೆಯನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಒತ್ತಡ 1,000 ಬಾರ್ ಮೀರುತ್ತದೆ. ಅವನ್ನು ಊರಿನ ಗ್ಯಾರೇಜಿನಲ್ಲಿ ಬಿಚ್ಚಿಸುವುದು ಸಲ್ಲದು.

ಭಾರ ಹೆಚ್ಚಿದ್ದರೆ ಪಂಪು ಏರಿಸುವ ಬದಲು ಹೇರು ಇಳಿಸುವುದೇ ಲೇಸು. ರೈತ ಬಾಂಧವರು ಕಟಾವಿನ ಸರದಿ ಬರುವ ಮುನ್ನವೇ ಈ ಪರೀಕ್ಷೆಗಳನ್ನು ಮುಗಿಸಿಕೊಳ್ಳಬೇಕೆಂದು ಕೋರಲಾಗಿದೆ.